ಸ್ಕಾಗನ್ ತೋಟಾದ ಮೊದಲ ಬೇಟೆ

ಈ ವರ್ಷ ಎಲ್ಕ್ ಎಂಬ ದೊಡ್ಡ ಕಡವೆ ಬಿದ್ದರೆ ಅದು ನನ್ನ ಸ್ವಂತ ತೋಟಾಕ್ಕೇ ಬೀಳಬೇಕು ಎಂದು ಬೇಸಿಗೆಯಲ್ಲೇ ಶಪಥ ಮಾಡಿದೆ. ಮೊಂಟಾನಾದ ನಮ್ಮ ಕಣಿವೆಯಲ್ಲಿ ಎಲ್ಲರೂ ಕಾರ್ಖಾನೆ ಹೆತ್ತ ತೋಟಾಗಳನ್ನೇ ಕೋವಿಗೆ ತುಂಬಿಕೊಂಡು ಓಡಾಡುತ್ತಾರೆ. ಈ ಡೆಲ್ಮರ್ ಸ್ಕಾಗನ್ ಹಾಗಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟವನಾದರೂ ಹಿತ್ತಾಳೆ, ಮದ್ದು, ಸೀಸಗಳ ಶಾಸ್ತ್ರವನ್ನು ಗ್ಯಾರೇಜಿನಲ್ಲಿ ಕೂತು ಅರೆದು ಕುಡಿದವನು ನಾನು. ಅಂಗಡಿಯಲ್ಲಿ ಸಿಗದ, ಬೇಟೆಗಾರ ತಾನೇ ರೂಪಿಸಿಕೊಂಡ ತೋಟಾವನ್ನು ಇಲ್ಲಿ ಕಾಡುಬೆಕ್ಕು ಎನ್ನುತ್ತಾರೆ. ಅಂಥದೊಂದನ್ನು ಸಾಕುವ ಹುಚ್ಚು ನನಗೆ ಹತ್ತಿತು.

ಕೋವಿ ಮಾಡುವ ಕ್ಲೈಡ್, ಹಿಡಿ ಎಳೆದು ತೋಟಾ ಏರಿಸುವ ಲಿವರ್ ಕೋವಿಯ ಮೈಯನ್ನು ಸಿದ್ಧಮಾಡಿ ಕಾಯುತ್ತಿದ್ದ. ತೋಟಾ ಯಾವುದೆಂದು ತಿಳಿಯದೆ ನಳಿಗೆ ಕೊರೆಯುವಂತಿಲ್ಲ. ನಾನೋ, ಬೆಳಿಗ್ಗೆ ಸಣ್ಣ ಗುಂಡು ಎನ್ನುತ್ತಿದ್ದೆ, ವೇಗ ಹೆಚ್ಚು. ಮಧ್ಯಾಹ್ನ ದಪ್ಪ ಗುಂಡು ಎನ್ನುತ್ತಿದ್ದೆ, ಪೆಟ್ಟು ಹೆಚ್ಚು. ಸಂಜೆಗೆ ಚೂಪು ಮೂತಿಯ ಗುಂಡಿನ ಮೇಲೆ ಮನಸ್ಸಾಯಿತು.

"ಲಿವರ್ ಕೋವೀಲಿ ತೋಟಾಗಳು ಒಂದರ ಹಿಂದೊಂದು ಮಲಗಿರ್ತವೆ ಕಣಯ್ಯಾ. ಹಿಂದಿನದರ ಚೂಪು ಮೂತಿ ಮುಂದಿನದರ ಅಂಡಿಗೆ ಕುಟ್ಟಿ ಮದ್ದು ಸಿಡಿದ್ರೆ ಎಲ್ಕ್ ಬದಲು ನೀನು ಫ್ರೀಜರ್ ಸೇರ್ತೀಯ," ಎಂದ ಕ್ಲೈಡ್.

ಕಡೆಗೆ ದೊಡ್ಡದೊಂದು ಹಳೇ ತೋಟಾದ ಹಿತ್ತಾಳೆ ಕವಚದ ಕುತ್ತಿಗೆ ಹಿಂಡಿ, ಚಪ್ಪಟೆ ಮೂತಿಯ ಗುಂಡು ಕೂರಿಸುವುದೆಂದು ತೀರ್ಮಾನವಾಯಿತು. ಹೆಸರು: ಸ್ಕಾಗನ್ ಮಹಾಗರ್ಜನೆ. ಕ್ಲೈಡ್ ಅದಕ್ಕೆ ತಕ್ಕಂತೆ ನಳಿಗೆ ಕೊರೆದುಕೊಟ್ಟ.

ಹಿಂಡಿದ ಹಿತ್ತಾಳೆ ಕೋವಿಯ ಅಚ್ಚಿಗೆ ಸರಿಯಾಗಿ ಉಬ್ಬಬೇಕಲ್ಲ? ಅದಕ್ಕೆ ಚಿಟಿಕೆ ಮದ್ದು, ಮೇಲೆ ಗೋಧಿ ರವೆ, ಬಾಯಿಗೆ ಸೋಪಿನ ಬಿರಡೆ. ಆಕಾಶಕ್ಕೆ ಹಿಡಿದು ಹೊಡೆದರೆ ಉಬ್ಬುತ್ತದೆ. ರವೆ ಅಡುಗೆಮನೆಯದು. ನಾನು ಹಿತ್ತಲಲ್ಲಿ ನಿಂತು ಹೊಡೆದೆ, ಹೊಡೆದೆ, ಪಕ್ಕದ ಮನೆಯ ಕರಿನಾಯಿ ಬೆಳ್ಳಗಾಗುವ ತನಕ ಹೊಡೆದೆ.

ಹೆಂಡತಿ ಆರ್ಡಿಸ್ ಬಟ್ಟೆ ಒಣಹಾಕುವ ಹಗ್ಗದ ಬಳಿ ಬಂದು ತಲೆ ಕೊಡವಿಕೊಂಡಳು. "ಜುಲೈನಲ್ಲೇ ಹಿಮ ಬೀಳ್ತಾ ಇದೆಯಲ್ಲ ಡೆಲ್ಮರ್. ನಾಳೆ ಬೆಳಿಗ್ಗೆ ಗಂಜಿಗೆ ಏನು ಹಾಕ್ಲಿ, ನಿನ್ನ ಮದ್ದಾ?"

"ಸಂಶೋಧನೆ ನಡೀತಿದೆ."

"ನಡೀಲಿ. ಫ್ರೀಜರ್ ನೋಡಿದ್ಯಾ? ಕುಂಬಳಕಾಯಿ ಹೋಳು ಬಿಟ್ರೆ ಏನಿಲ್ಲ. ಈ ಸಲಾನೂ ಎಲ್ಕ್ ತರ್ಲಿಲ್ಲ ಅಂದ್ರೆ ಚಳಿಗಾಲ ಪೂರ್ತಿ ಅದನ್ನೇ ತಿನ್ನಿಸ್ತೀನಿ."

ಕುಂಬಳಕಾಯಿಗೆ ಹೆದರಿ ಇನ್ನಷ್ಟು ಶ್ರದ್ಧೆಯಿಂದ ದುಡಿದೆ. ಸಿದ್ಧವಾದ ತೋಟಾಗಳಿಗೆ ತಕ್ಕ ಪೆಟ್ಟಿಗೆ ಎಲ್ಲಿಯೂ ಇರಲಿಲ್ಲ. ಇಲ್ಲದ ತೋಟಾಕ್ಕೆ ಯಾರು ಪೆಟ್ಟಿಗೆ ಮಾಡಿಯಾರು? ಖಾಲಿಯಾದ ರವೆ ಡಬ್ಬಿಯಲ್ಲೇ ಬಟ್ಟೆ ಸುತ್ತಿ ಜೋಡಿಸಿ, ಅದು ಇದ್ದ ಕಪಾಟಿನಲ್ಲೇ ಇಟ್ಟೆ. "ಇದನ್ನು ಯಾರೂ ಮುಟ್ಟಕೂಡದು" ಎಂದು ಅಪ್ಪಣೆಯನ್ನೂ ಹೊರಡಿಸಿದೆ.

ಆರ್ಡಿಸ್ ಅದನ್ನು ಮುಟ್ಟಲಿಲ್ಲ. ಅಂಥದೇ ಹೊಸ ರವೆ ಡಬ್ಬಿಯೊಂದನ್ನು ತಂದು ಅದರ ಮುಂದೆ ಇಟ್ಟಳು, ಅಷ್ಟೇ.

ಬೇಟೆಯ ಕೊನೆಯ ವಾರ ನಾನೂ ಆರ್ಡಿಸೂ ಹೊರಟೆವು. ಸಾಮಾನು ತುಂಬಿದವನು ನಾನೇ. ಡಬ್ಬಿ ಎತ್ತಿದಾಗ ಹಗುರ ಅನ್ನಿಸಿತು. ಈ ವಯಸ್ಸಿನಲ್ಲೂ ತೋಳಿಗೆ ಎಂಥ ಬಲ ಬಂದಿದೆ ಎಂದು ಹಿಗ್ಗಿದೆ.

ಬೆಟ್ಟದ ಮೇಲೆ ಡೇರೆ ಹಾಕಿ, ಬೆಳಕು ಮೂಡುವ ಹೊತ್ತಿಗೆ ಡಬ್ಬಿ ತೆರೆದೆ. ಬೆರಳಿಗೆ ರವೆ ಸಿಕ್ಕಿತು. ಮುಷ್ಟಿ ಹಾಕಿದೆ. ರವೆ. ತಳ ಕೆದಕಿದೆ. ಅಲ್ಲೂ ರವೆ.

ಜೀಪು ಹತ್ತಿ ಕೆಳಗಿನ ಪೆಟ್ರೋಲ್ ಅಂಗಡಿಗೆ ಓಡಿದೆ. "ಸ್ಕಾಗನ್ ಮಹಾಗರ್ಜನೆ ಇದೆಯಾ?"

ಅಂಗಡಿಯ ಹೆಂಗಸು ಕಪಾಟಿನ ಕಡೆ ತಿರುಗಿ ನೋಡಿ, "ಅದೇನು ಕೆಮ್ಮಿನ ಔಷಧಾನಾ ತಾತಾ?" ಎಂದಳು.

"ತೋಟಾ ಕಣಮ್ಮ."

"ಯಾವ ಕಂಪನಿದು?"

"ನಂದೇ."

"ನಿಂದಾದ್ರೆ ನಿನ್ ಹತ್ರಾನೇ ಇರ್ಬೇಕಲ್ವಾ? ನಮ್ಮಲ್ಲಿ ಹಾಲಿದೆ, ಮೀನಿಗೆ ಹಾಕೋ ಎರೆಹುಳು ಇದೆ, ಮೂವತ್ತು-ಮೂವತ್ತು ಅನ್ನೋ ತೋಟಾ ಇದೆ."

ಮೂವತ್ತು-ಮೂವತ್ತು! ಆರ್ಡಿಸ್ ತನ್ನ ತಾಯಿಯಿಂದ ಪಡೆದ, ಈ ಸಲ ಬೆಟ್ಟಕ್ಕೂ ಹೊತ್ತು ತಂದಿದ್ದ ತುಕ್ಕು ಕೋವಿಗೆ ಹಾಕುವ ತೋಟಾ ಅದು. ಅದನ್ನು ನಾನು ವರ್ಷಗಟ್ಟಲೆ ಆಡಿಕೊಂಡಿದ್ದೆ. ನನ್ನ ಕೋವಿಯ ನಳಿಗೆಗೋ ಅದು ಹೊಂದುವುದೇ ಇಲ್ಲ. ಬರಿಗೈಲಿ ಬೆಟ್ಟ ಹತ್ತುತ್ತಿರುವಾಗ ಮೇಲೆಲ್ಲೋ ಒಂದೇ ಒಂದು ಸದ್ದಾಯಿತು. ಗರ್ಜನೆಯಲ್ಲ, ಬಾಗಿಲು ಹಾಕಿದಂಥ ಸದ್ದು.

ಹೋಗಿ ನೋಡಿದರೆ ಪೈನ್ ಮರಗಳ ನಡುವೆ ಭಾರೀ ಎಲ್ಕ್ ಬಿದ್ದಿತ್ತು. ಪಕ್ಕದಲ್ಲಿ ಆರ್ಡಿಸ್ ಅಂಗಿಯ ತೋಳು ಮಡಚಿ ಚಾಕು ಮಸೆಯುತ್ತಿದ್ದಳು.

"ಬಂದ್ಯಾ? ಕಾಲು ಹಿಡ್ಕೋ," ಎಂದಳು. "ಒಲೆ ಮೇಲೆ ಗಂಜಿ ಇದೆ. ನಿನ್ ಡಬ್ಬೀಲಿ ರವೆ ಬೇಕಾದಷ್ಟಿತ್ತು."

ಊರಿಗೆ ಮರಳಿದ ಮೇಲೆ ಕ್ಲೈಡ್ ಬಂದ. ಫ್ರೀಜರ್ ತೆರೆದು ಮಾಂಸದ ಪೊಟ್ಟಣಗಳನ್ನು ಕಂಡು ಅವನ ಕಣ್ಣು ಅರಳಿತು. ನನ್ನ ಬೆನ್ನು ತಟ್ಟಿ, "ಹೆಂಗಿದೆ ನಿನ್ ಮಹಾಗರ್ಜನೆ? ಗುರಿ ಸರಿಯಾಗಿದೆಯಾ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಆರ್ಡಿಸ್ ಕಪಾಟಿನಲ್ಲೇ ಉಳಿದಿದ್ದ ತೋಟಾದ ಡಬ್ಬಿಯತ್ತ ನೋಡಿ ಹೇಳಿದಳು: "ಇದುವರೆಗೂ ಒಂದೂ ಗುರಿ ತಪ್ಪಿಲ್ಲ."