ತೋಳಕ್ಕೆ ಬ್ಯಾಡಗಿ ಖಾರ

ರಾಣೆಬೆನ್ನೂರಿನ ಅಂಚಿನ ನಮ್ಮ ಬಡಾವಣೆಗೆ ತೋಳ ಬರುವುದು ಹೊಸದಲ್ಲ. ಆಚೆಗೇ ಕುರುಚಲು ಕಾಡು. ಹೊಸದೇನಿದ್ದರೂ ನಾವು ಅದನ್ನು ಉಪಚರಿಸುವ ರೀತಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ಇಲ್ಲಿ ಮನೆ ಕಟ್ಟಿಕೊಂಡು ಬಂದೆವು. ಅಂದಿನಿಂದ ನನಗೆ ಒಂದೇ ಚಿಂತೆ: ಅವ್ವನ ನಾಯಿ. ಬಿಳಿ ಪಮೇರಿಯನ್, ಹೆಸರು ಚಿನ್ನಿ. ಅವ್ವ ಅದಕ್ಕೆ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಕೈಯಾರೆ ತಿನ್ನಿಸುತ್ತಾಳೆ, ಆದರೆ ಹೊಸಿಲು ದಾಟಿಸುವುದಿಲ್ಲ. "ದೇವರ ಮನಿ ಮೈಲಿಗಿ ಆಕ್ಕೈತಿ" ಎನ್ನುತ್ತಾಳೆ. ಹೀಗಾಗಿ ಅದು ಮಲಗುವುದು ಹೊರಗೆ, ಕಟ್ಟೆಯ ಮೇಲೆ. ಈ ನಿಯಮ ತೋಳಕ್ಕೂ ಒಪ್ಪಿಗೆಯಾಗಿರಬೇಕು.

ಖಾಲಿ ಸೈಟು

ನಮ್ಮೆದುರಿನ ಖಾಲಿ ಸೈಟಿಗೆ ಕೋಳಿ ಅಂಗಡಿಯವನು ದಿನಾ ಸಂಜೆ ಬುಟ್ಟಿಗಟ್ಟಲೆ ಪುಚ್ಚ, ಕರುಳು ತಂದು ಸುರಿಯುತ್ತಿದ್ದ. ಒಂದು ದಿನ ತಡೆದು ನಿಲ್ಲಿಸಿದೆ.

"ಇಲ್ಲಿ ಯಾಕ ಚೆಲ್ಲತೀಯಪಾ?"

"ಪ್ಯಾಟಿಯೊಳಗ ಚೆಲ್ಲಿದ್ರ ಬೀದಿ ನಾಯಿ ಬರ್ತಾವ್ರಿ, ಮಂದಿ ಬೈತಾರ."

"ಇಲ್ಲಿ ತೋಳ ಬರಾಕತ್ತೈತಿ."

ಅವನು ಸ್ವಲ್ಪ ಯೋಚಿಸಿದ. ಮುಖ ಅರಳಿತು.

"ಹಂಗಾರ ಚಲೋ ಆತಲ್ರಿ. ನಾಯಿ ಕಾಟ ನಿಮಗಿರಂಗಿಲ್ಲ."

ಪಕ್ಕದ ಮನೆಯ ಕಾವಲು

ಪಕ್ಕದ ಮನೆಯ ನಿವೃತ್ತ ಮ್ಯಾನೇಜರರು ತಮ್ಮ ನಾಯಿಯನ್ನು ಗೇಟಿಗೆ ಸರಪಳಿಯಿಂದ ಬಿಗಿಯುತ್ತಿದ್ದರು. ಒಳಗೆ ಕಟ್ಟಿರಿ, ತೋಳ ಬಂದರೆ ಓಡಲಿಕ್ಕೂ ಆಗುವುದಿಲ್ಲ ಎಂದೆ. "ಒಳಗ ಕಟ್ಟಿದ್ರ ಅದು ಮನಿ ಕಾಯ್ತೈತೋ, ನನ್ನನ್ನ ಕಾಯ್ತೈತೋ?" ಎಂದು ಕೇಳಿದರು.

ಒಂದು ಬೆಳಿಗ್ಗೆ ಸರಪಳಿ ಇತ್ತು, ಕೊರಳಪಟ್ಟಿ ಇತ್ತು, ನಾಯಿ ಇರಲಿಲ್ಲ. ಮಾತಾಡಿಸಲು ಹೋದೆ. ಅವರು ಚಹಾ ಕುಡಿಯುತ್ತಿದ್ದರು.

"ಭಾಳ ಒಳ್ಳೆ ನಾಯಿರಿ. ತೋಳ ಬಂದಾಗ್ಲೂ ಬೊಗಳಿ ನನ್ನ ನಿದ್ದಿ ಕೆಡಸಲಿಲ್ಲ."

"ಇನ್ನೊಂದು ತಂದ್ರ ಒಳಗ ಕಟ್ರಿ."

"ಇನ್ನ್ಯಾಕ ತರೂದ್ರಿ? ನಿಮ್ಮ ಚಿನ್ನಿ ಅದಾಳಲ್ಲ, ಎರಡೂ ಮನಿಗೆ ಸಾಕು."

ಬಲೆ ತಂದವರು

ಕಾಡಿನ ಕಾವಲುಗಾರನಿಗೆ ಫೋನು ಮಾಡಿದೆ. ತೋಳ ಈಗ ಎಲ್ಲಿದೆ ಎಂದು ಕೇಳಿದ. ನಮ್ಮ ಓಣಿಯಲ್ಲಿ ಎಂದೆ. "ಓಣ್ಯಾಗ ಇದ್ರ ನಂದಲ್ರಿ. ಕಾಡಿಗೆ ತಿರುಗಿ ಬಂದ ಮ್ಯಾಲೆ ತಿಳಸ್ರಿ" ಎಂದು ಇಟ್ಟುಬಿಟ್ಟ.

ಬೀದಿ ನಾಯಿ ಹಿಡಿಯುವವರಿಗೆ ಹೇಳಿದೆ. ಅವರು ನಿಜಕ್ಕೂ ಬಂದರು. ಮಟಮಟ ಮಧ್ಯಾಹ್ನ ಬಲೆ ಹಿಡಿದು ಓಣಿಯೆಲ್ಲ ತಿರುಗಿದರು. ಆಮೇಲೆ ಅವ್ವನ ಚೀರಾಟ ಕೇಳಿ ಹೊರಗೆ ಬಂದರೆ, ಕಟ್ಟೆಯ ಮೇಲೆ ಮಲಗಿದ್ದ ಚಿನ್ನಿ ಅವರ ಪಂಜರದಲ್ಲಿ ಕುಳಿತಿತ್ತು, ಕೊರಳಿನ ಗೆಜ್ಜೆ ಸಮೇತ.

"ಇದು ತೋಳ ಏನ್ರಪಾ?" ಎಂದೆ.

"ಅಲ್ಲ ಬಿಡ್ರಿ, ಅಷ್ಟು ಗೊತ್ತಾಗಂಗಿಲ್ಲೇನು" ಎಂದ ಅವರ ಹಿರಿಯ. "ತೋಳ ಸಿಗಲಿಲ್ಲ. ಇಷ್ಟು ದೂರ ಬಂದು ಖಾಲಿ ಗಾಡಿ ಒಯ್ಯಬೇಕೇನ್ರಿ?"

ಊರ ಮಾಲು

ಪಂಜರದಿಂದ ಬಿಡಿಸಿ ತಂದ ಮೇಲಾದರೂ ಅದನ್ನು ಒಳಗೆ ಮಲಗಿಸು ಎಂದು ಅವ್ವನ ಮೇಲೆ ಹರಿಹಾಯ್ದೆ. ಆಕೆ ಬಗ್ಗಲಿಲ್ಲ. ಅಷ್ಟರಲ್ಲಿ ನಮ್ಮ ಬೀಗರು ಬಂದರು. ತಂಗಿಯ ಮಾವ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಕಟ್ಟೆಯ ಸುತ್ತ ಖಾರದಪುಡಿ ಚೆಲ್ಲಿದರೆ ತೋಳ ಮೂಸಿ ಓಡಿಹೋಗುತ್ತದೆ ಎಂದು ಮರುದಿನವೇ ಚೀಲ ತಂದರು.

"ಬೀಗರ, ಬ್ಯಾಡಗಿದು ಬಣ್ಣಕ್ಕ ಹೆಸರಾದ ಮಾಲು. ಖಾರ ಎಲ್ಲೈತ್ರಿ? ಗುಂಟೂರಿಂದರ ಹಾಕೋಣಂತ" ಎಂದೆ.

ಅವರ ಮುಖ ಕೆಂಪಾಯಿತು. "ಕಂಡೋರ ಊರಿನ ಮಾಲು ನನ್ನ ಕೈಲೆ ಹಾಕಸ್ತೀರೇನು? ತೋಳಕ್ಕ ಆದ್ರೇನಾತು, ಮರ್ಯಾದಿ ನಂದಲ್ಲೇನ್ರಿ?"

ಬ್ಯಾಡಗಿಯದನ್ನೇ ಹಾಕಿದೆವು. ಫಲ ನೋಡಿಯೇ ಹೋಗುತ್ತೇನೆಂದು ಅವರು ರಾತ್ರಿ ನಮ್ಮಲ್ಲೇ ಉಳಿದರು. ಬೆಳಿಗ್ಗೆ ನೋಡಿದರೆ ಪುಡಿಯ ಮೇಲೆ ತೋಳ ಬಂದ ಹೆಜ್ಜೆಯೂ ಇತ್ತು, ಹೋದ ಹೆಜ್ಜೆಯೂ ಇತ್ತು. ಎಲ್ಲೂ ಅವಸರಪಟ್ಟ ಗುರುತಿರಲಿಲ್ಲ. ಚಿನ್ನಿ ಕಟ್ಟೆಯ ಮೇಲಿರಲಿಲ್ಲ.

ಅವ್ವ ಹೆಸರು ಹಿಡಿದು ಕೂಗಿದಳು. ನೀರಿನ ಟಾಕಿಯ ಸಂದಿಯಿಂದ ಗೆಜ್ಜೆಯ ಸದ್ದು ಬಂತು. ತೆವಳಿ ಹೊರಬಂದ ಪ್ರಾಣಿ ಮೂತಿಯಿಂದ ಬಾಲದವರೆಗೆ ಕಡುಗೆಂಪು. ರಕ್ತವೆಂದೇ ತಿಳಿದೆ. ಅದು ಒಂದು ಸೀನು ಸೀನಿ ಬಾಲ ಅಲ್ಲಾಡಿಸಿತು. ತೋಳದಿಂದ ತಪ್ಪಿಸಿಕೊಳ್ಳಲು ಇಬ್ಬನಿಗೆ ನೆನೆದ ಪುಡಿಯಲ್ಲಿ ಹೊರಳಿ ಸಂದಿ ಸೇರಿತ್ತು, ಅಷ್ಟೇ.

ಅವ್ವ ನಾಯಿಯನ್ನು ಎದೆಗವಚಿಕೊಂಡು ಹೊಸಿಲು ದಾಟಿ, ದೇವರ ಮನೆಯ ಮುಂದಿಂದಲೇ ಬಚ್ಚಲಿಗೆ ಒಯ್ದಳು. ಬಾಗಿಲು, ನೆಲ, ಸೀರೆ ಎಲ್ಲ ಕೆಂಪು. ಸೋಪು ಸವೆಯಿತು, ಬಿಸಿನೀರಿನ ಹಂಡೆ ಬರಿದಾಯಿತು, ನಾಯಿ ಮಾತ್ರ ಕೆಂಪಾಗಿಯೇ ಉಳಿಯಿತು. "ಮೈಲಿಗಿ ಆದ್ರ ಆಗವಲ್ದ್ಯಾಕ, ಇನ್ನ ಇದು ನನ್ನ ಹಾಸಿಗಿ ಮಗ್ಗಲಕ್ಕ ಮಲಗ್ತೈತಿ" ಎಂದಳು.

ನಾನು ಬೀಗರ ಕಡೆ ತಿರುಗಿದೆ. ಬಾಯಿಗೆ ಬಂದದ್ದನ್ನೆಲ್ಲ ಅನ್ನುವವನಿದ್ದೆ. ಅವರು ಬಚ್ಚಲ ಬಾಗಿಲಲ್ಲಿ ನಿಂತು, ನಾಯಿಯ ಉದುರಿದ ಒದ್ದೆ ಕೂದಲನ್ನು ಎರಡು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇಷ್ಟು ತಿಕ್ಕಿದ್ರೂ ಬಣ್ಣ ಬಿಡವಲ್ದು ನೋಡ್ರಿ," ಎಂದರು. "ಮಾಲಂದ್ರ ಇದು."