ಗಜ್ಜರಿ ಕೀಳದ ಮನೆಯ ಗಂಡುಕುದುರೆ

ತೀರ್ಮಾನ ಮಾಡುವುದು ಕೆಲವರಿಗೆ ನೀರು ಕುಡಿದಷ್ಟು ಸಲೀಸು. ನನಗೆ ಅದು ಬಂದೇ ಇಲ್ಲ. ಮದುವೆಯಾಗಿ ಅಲಖನೂರಿಗೆ ಬಂದ ಮೇಲೆ ಇಪ್ಪತ್ತೆರಡು ವರ್ಷಗಳಲ್ಲಿ ನಾನೊಬ್ಬಳೇ ಕೂತು ಮಾಡಿದ ದೊಡ್ಡ ತೀರ್ಮಾನವೆಂದರೆ ಮಧ್ಯಾಹ್ನಕ್ಕೆ ಹೀರೇಕಾಯಿಯೋ ಬೆಂಡೇಕಾಯಿಯೋ ಎಂಬುದು. ಅದನ್ನೂ ಅತ್ತೆಯವರು ಒಲೆಯ ಹತ್ತಿರ ಬಂದು ಬದಲಾಯಿಸುತ್ತಿದ್ದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮಿಕ್ಕಿದ್ದನ್ನೆಲ್ಲ ಯೋಚಿಸಲು ಮನೆಯಲ್ಲಿ ಬೇರೆಯವರಿದ್ದರು. ಅಂಥ ನನಗೆ, ಯಜಮಾನರು ತೀರಿಕೊಂಡ ಮೂರನೇ ತಿಂಗಳಿಗೆ ಎದುರಾದ ಮೊದಲ ತೀರ್ಮಾನ ಹೀಗಿತ್ತು: ಹನ್ನೆರಡು ವರ್ಷದ ಗಂಡುಕುದುರೆಯ ಬೀಜ ತೆಗೆಸಬೇಕೋ, ಬೇಡವೋ.

ಕುದುರೆಯ ಹೆಸರು ಸರ್ದಾರ. ಮಿರಜದ ಕಡೆಯಿಂದ ಮರಿಯಿದ್ದಾಗ ತಂದದ್ದು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಓಟದ ಶರ್ಯತ್ತಿನ ಗಾಡಿಗೆ ಹೂಡುವ ಒಳ್ಳೆಯ ಕುದುರೆಯೆಂದರೆ ಅದು ಸರ್ದಾರನ ಮಗನೋ ಮಗಳೋ ಆಗಿರುತ್ತಿತ್ತು. ಹಾರೂಗೇರಿಯ ಸಂತೆಗೆ ಹೋದಾಗ ಯಜಮಾನರು ಎದುರಿಗೆ ಬಂದ ಟಾಂಗಾದ ಕುದುರೆಯ ಹಣೆ ನೋಡಿ, "ನಮ್ಮ ಮೊಮ್ಮಗ" ಎಂದು ಮೆಲ್ಲಗೆ ಹೇಳುತ್ತಿದ್ದರು. ನಮಗೆ ಮಕ್ಕಳಿರಲಿಲ್ಲ. ಅವರು ಹೀಗಂದಾಗ ನಾನು ಬಳೆ ಅಂಗಡಿಯ ಕಡೆ ತಿರುಗಿ ನಿಲ್ಲುತ್ತಿದ್ದೆ.

ಅವರಿರುವವರೆಗೆ ಹಿತ್ತಲಿನ ವಹಿವಾಟು ನನ್ನದಾಗಿರಲಿಲ್ಲ. ಹೆಣ್ಣುಕುದುರೆ ಹಿಡಿದುಕೊಂಡು ಯಾರಾದರೂ ಬಂದರೆ ಅತ್ತೆಯವರು ಅಡುಗೆಮನೆಯ ಕಿಟಕಿ ಮುಚ್ಚಿಬಿಡುತ್ತಿದ್ದರು, ನಾನು ಅಕ್ಕಿ ಆರಿಸುತ್ತಿದ್ದೆ. ಅಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಅನ್ನದೊಳಗೆ ಕಲ್ಲು ಸಿಗಲಿಲ್ಲ ಎಂದರೆ ಅದರ ಪುಣ್ಯ ಸರ್ದಾರನಿಗೇ ಸೇರಬೇಕು.

ಯಜಮಾನರು ಹೋದ ಮೇಲೆ ಸರ್ದಾರ ಕೆಟ್ಟ. ಸಂಜೆಯಾಯಿತೆಂದರೆ ಕೊಟ್ಟಿಗೆಯ ಗೋಡೆಗೆ ಒದೆಯುತ್ತಿದ್ದ. ಎರಡು ಸಲ ಹಗ್ಗ ಹರಿದುಕೊಂಡು ಪಕ್ಕದವರ ಕಬ್ಬಿನೊಳಗೆ ನುಗ್ಗಿದ. ನನ್ನ ಮದುವೆಗೂ ಮುಂಚಿನಿಂದ ನಮ್ಮ ಹೊಲಮನೆಯ ಆಳಾಗಿದ್ದ ಲಗಮಣ್ಣನ ತೋಳನ್ನು ಕಚ್ಚಿ ಹಿಡಿದ. ಆಗ ಮೈದುನ ಅಪ್ಪಾಸಾಬ ಬಂದು ನನ್ನೆದುರು ಕೂತ. ಕೂತವನು ಕಂಬದ ಜೊತೆ ಮಾತಾಡತೊಡಗಿದ. ನಿಪ್ಪಾಣಿಯಲ್ಲಿ ಯಾರೋ ತಂಬಾಕಿನ ವ್ಯಾಪಾರಿಯ ಕುದುರೆಯೂ ಹೀಗೇ ಇತ್ತಂತೆ, ಆಮೇಲೆ ಅದಕ್ಕೊಂದು ಇಲಾಜು ಮಾಡಿಸಿದರಂತೆ, ಈಗ ಆಕಳಿನ ಹಾಗೆ ಇದೆಯಂತೆ. ಎಂಥ ಇಲಾಜು ಎಂಬುದನ್ನು ಹೇಳಲು ಅತ್ತಿಗೆಯ ಮುಂದೆ ಅವನಿಗೆ ಬಾಯಿ ಬರಲಿಲ್ಲ. ನನಗೆ ಮೊದಲ ಮಾತಿಗೇ ತಿಳಿದಿತ್ತು. ಎಲ್ಲಿಗೆ ಹೋಗಿ ಮುಟ್ಟುತ್ತಾನೆ ನೋಡೋಣವೆಂದು ಸುಮ್ಮನಿದ್ದೆ. ದುಃಖದಲ್ಲಿರುವವರಿಗೆ ಒಳ್ಳೆಯತನ ಹೆಚ್ಚು ಎಂದು ಯಾರೂ ನಂಬಬಾರದು.

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅತ್ತೆಯವರೇ ಹೊರಗೆ ಬಂದರು. "ಖಚ್ಚಿ ಮಾಡಸೂಣು ಅನ್ನಾಕತ್ತಿ ಹೌದಿಲ್ಲ? ನೆಲದಾಗಿನ ಗಜ್ಜರಿ ಕಿತ್ತರ ಪಾಪ ಅನ್ನೂ ಮನಿತನ ಇದು. ಇದನ್ನ ಹೆಂಗ ಕೀಳಸ್ತಿ?"

ಅಪ್ಪಾಸಾಬ ಲಗಮಣ್ಣನ ತೋಳನ್ನು ನೆನಪಿಸಿದ. ಅದೂ ಜೀವವೇ ಅಲ್ಲವೇ ಎಂದ. ಅತ್ತೆಯವರು ತಮ್ಮ ಲೆಕ್ಕದಲ್ಲಿ ತೋಳು, ಗಜ್ಜರಿ, ಕುದುರೆ ಮೂರನ್ನೂ ತೂಗಿ ನೋಡಿದರು. ಚಾತುರ್ಮಾಸದಲ್ಲಿ ಸೊಪ್ಪಿನ ಎಲೆಯಡಿ ಹುಳವಿದ್ದೀತೆಂದು ಸೊಪ್ಪನ್ನೇ ಬಿಡುವವರು ಅವರು. ಆದರೆ ಇಷ್ಟು ದೊಡ್ಡ ಪ್ರಾಣಿಯ ಇಷ್ಟು ಸಣ್ಣ ಭಾಗದ ಬಗ್ಗೆ ಅವರಿಗೆ ಯಾವ ಪ್ರವಚನದಲ್ಲೂ ಯಾರೂ ಹೇಳಿರಲಿಲ್ಲ. ಕೊನೆಗೆ, "ಅವನ ಕುದರಿ. ಅವನ ಹೆಂಡ್ತಿ ಹೇಳ್ಲಿ" ಎಂದು ಜಪಮಣಿ ಹಿಡಿದು ಒಳಗೆ ಹೋದರು.

ರಾಯಬಾಗದಿಂದ ಪಶುವೈದ್ಯರು ಫಟಫಟಿಯ ಮೇಲೆ ಬಂದರು. ಸರ್ದಾರನನ್ನು ದೂರದಿಂದಲೇ ಎರಡು ಸುತ್ತು ನೋಡಿದರು. "ಮರಿ ಇದ್ದಾಗ ಮಾಡಿದ್ರ ಮಾತು ಬ್ಯಾರೆ ಇತ್ರಿ ಬಾಯಾರ. ಈ ವಯಸ್ಸಿನ್ಯಾಗ ರಕ್ತ ಭಾಳ ಹೋಗಬಹುದು. ಹೋಗಲಿಲ್ಲ ಅಂತ ತಿಳೀರಿ, ಬೀಜ ತಗದು ಕೊಡ್ತೀನಿ. ಹನ್ನೆರಡು ವರ್ಷದ ರೂಢಿ ತಗ್ಯಾಕ ನನ್ನ ಕಡೆ ಹತಾರ ಇಲ್ಲ." ಕೆಲವು ಕುದುರೆಗಳು ತಣ್ಣಗಾಗುತ್ತವೆ, ಕೆಲವು ಹಾಗೇ ಉಳಿಯುತ್ತವೆ ಎಂದರು. ಗುರುವಾರ ಬರುವುದಾಗಿ ಹೇಳಿ, ಹಿಂದಿನ ಸಂಜೆ ಕುದುರೆಯನ್ನು ಉಪವಾಸ ಇಡಬೇಕಾದ್ದರಿಂದ, ಅದಕ್ಕೆ ಹುರುಳಿ ಇಡುವ ಹೊತ್ತು ಯಾವುದೆಂದು ಕೇಳಿದರು.

ಲಗಮಣ್ಣ ಹೇಳಿದ: "ಹೊಲದ ಕೆಲಸ ಮುಗಿಸಿ, ಕಂದೀಲ ಹಚ್ಚಿ ಇಡ್ತೀನ್ರಿ. ತಿನ್ನೂದಿಲ್ಲ ಅದು. ಬುಟ್ಟಿ ಒದ್ದು ಕೆಡವತೈತಿ. ಕೆಡವಿದ್ದು ಎಮ್ಮಿ ತಿಂತೈತಿ."

ಕಂದೀಲ ಎಂಬ ಮಾತಿಗೆ ನಾನು ಚಹಾದ ಬಸಿಯನ್ನು ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ತುತ್ತು ಮುಟ್ಟುವುದಿಲ್ಲ. ಯಜಮಾನರು ತಾವು ಊಟಕ್ಕೆ ಕೂರುವ ಮುಂಚೆ, ಬಿಸಿಲು ಇನ್ನೂ ಕಬ್ಬಿನ ತುದಿಯ ಮೇಲಿರುವಾಗಲೇ, ಸರ್ದಾರನ ಮುಂದೆ ಹುರುಳಿ ಇಟ್ಟು ಬರುತ್ತಿದ್ದರು. ಹನ್ನೆರಡು ವರ್ಷ ಒಂದು ಸಂಜೆಯೂ ತಪ್ಪಲಿಲ್ಲ. ಆ ಕುದುರೆಯನ್ನು ನಾವು ನಮಗೇ ಗೊತ್ತಿಲ್ಲದಂತೆ ಜೈನನನ್ನಾಗಿ ಮಾಡಿಟ್ಟಿದ್ದೆವು. ಈಗ ಮೂರು ತಿಂಗಳಿಂದ ಅವನು ಬಿಸಿಲು ಇಳಿಯುವುದನ್ನು ನೋಡುತ್ತ ಗೋಡೆಗೆ ಒದೆಯುತ್ತಿದ್ದ. ನಾವು ಅದನ್ನು ಗಂಡಸುತನವೆಂದು ತಿಳಿದು ವೈದ್ಯರನ್ನು ಕರೆಸಿದ್ದೆವು. ಇತ್ತ ಎಮ್ಮೆ ದಪ್ಪಗಾದದ್ದನ್ನು ಗಬ್ಬವೆಂದು ತಿಳಿದು ಅತ್ತೆಯವರು ಗಿಣ್ಣದ ಆಸೆಯಲ್ಲಿದ್ದರು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ಮೂರು ತಿಂಗಳು ನಾನೂ ಸಂಜೆಯ ಊಟ ಮಾಡಿರಲಿಲ್ಲ. ಏನಾದರೂ ಕೆಲಸ ಹಚ್ಚಿಕೊಂಡು, "ಹೊತ್ತು ಮುಳಗೇತ್ರಿ, ಇನ್ನ ಬ್ಯಾಡ" ಎನ್ನುತ್ತಿದ್ದೆ. ನನ್ನ ಸಂಕಟಕ್ಕೆ ಧರ್ಮದ ನೆಪವಾದರೂ ಇತ್ತು. ಅವನಿಗೆ ಒದೆಯಲು ಗೋಡೆಯೊಂದೇ.

ಅಂದು ಸಂಜೆ ಬಿಸಿಲಿರುವಾಗಲೇ ಸೆರಗು ಹೊದ್ದು ಹುರುಳಿಯ ಬುಟ್ಟಿ ಹಿಡಿದು ಕೊಟ್ಟಿಗೆಗೆ ಹೋದೆ. ಹನ್ನೆರಡು ವರ್ಷದಲ್ಲಿ ನಾನು ಅವನನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕುದುರೆ ದೊಡ್ಡ ಪ್ರಾಣಿ ಎಂಬುದು ಗೊತ್ತಿತ್ತು. ಆದರೆ ಅದರ ಎದೆಯ ಎದುರು ನಿಂತಾಗ ಅದು ಪ್ರಾಣಿಯಲ್ಲ, ಯಾವುದೋ ಗುಡಿಯ ಬಾಗಿಲು ಎನಿಸಿತು. ಚರ್ಮದ ಮೇಲೆ ನೊಣ ಕೂತಲ್ಲಿ ಮಾತ್ರ ನೀರು ಅಲುಗಿದಂತೆ ಸಣ್ಣ ಕಂಪನ ಓಡುತ್ತಿತ್ತು. ಕಣ್ಣಿನೊಳಗೆ ಇಡೀ ಹಿತ್ತಲು, ಕಬ್ಬು, ಮುಳುಗುವ ಸೂರ್ಯ, ಬುಟ್ಟಿ ಹಿಡಿದ ನಾನು, ಎಲ್ಲವೂ ಇದ್ದವು. ಬಿಸಿ ಉಸಿರು ನನ್ನ ಮುಂಗೈಗೆ ಬಡಿಯಿತು. ಆಮೇಲೆ ಅವನು ಹಣೆಯಿಂದ ನನ್ನನ್ನು ಒಮ್ಮೆ ತಳ್ಳಿದ. ನಾನು ಸೆಗಣಿಯಲ್ಲಿ ಕೂತೆ. ಅವನು ತಲೆ ತಗ್ಗಿಸಿ ತಿನ್ನತೊಡಗಿದ. ಹುರುಳಿ ಅಗಿಯುವ ಆ ಶಬ್ದ ಕೇಳುತ್ತ ನಾನು ಏಳುವುದನ್ನೇ ಮರೆತೆ. ಇಷ್ಟು ದೊಡ್ಡ ಜೀವ ಇಷ್ಟು ಹಸಿದು ಇಷ್ಟು ದಿನ ನನ್ನ ಗೋಡೆಯ ಆಚೆಗೇ ಇತ್ತು.

ಹುರುಳಿಯಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬುಧವಾರ ರಸ್ತೆಯಲ್ಲಿ ಹೆಣ್ಣುಕುದುರೆಯೊಂದು ಕೂಗಿತು. ಸರ್ದಾರ ಹಿಂಗಾಲ ಮೇಲೆ ಎದ್ದು ನಿಂತ. ಕತ್ತು ಕೊಟ್ಟಿಗೆಯ ತೊಲೆಗೆ ಮುಟ್ಟಿತು. ಅವನ ಕೂಗಿಗೆ ಅಂಗಳದ ತಾಮ್ರದ ಹಂಡೆ ಗುಂಯ್ ಎಂದಿತು. ಲಗಮಣ್ಣ ಓಡಿದ. ನನಗೂ ಓಡಬೇಕೆನಿಸಿತು. ಹೆದರಿಕೆಗಿಂತ ದೊಡ್ಡದು ಇನ್ನೇನೋ ಹಿಡಿದು ನಿಲ್ಲಿಸಿತ್ತು. ಸಾವು ಬಂದು ಹೋದ ಮನೆಯಲ್ಲಿ ಒಬ್ಬರಾದರೂ ಹೀಗೆ ಪೂರ್ತಿ ಬದುಕಿದ್ದಾರಲ್ಲ ಎಂದುಕೊಂಡೆ.

ಗುರುವಾರ ವೈದ್ಯರು ಚೀಲ ಇಳಿಸುವ ಮುಂಚೆಯೇ, "ಬ್ಯಾಡ್ರಿ" ಎಂದೆ.

ಅಪ್ಪಾಸಾಬ ಈ ಸಲ ಕಂಬ ಬಿಟ್ಟು ನನ್ನನ್ನೇ ನೋಡಿದ. "ವೈನಿ, ಮತ್ತ ಇದನ್ನ ಹಿಡಿಯವರ್ಯಾರು?"

"ನಾ ಹಿಡೀತೀನಿ."

ವೈದ್ಯರು ಚಹಾ ಕುಡಿದು ಹೋದರು. ಅತ್ತೆಯವರು ಅಡುಗೆಮನೆಯ ಕಿಟಕಿ ಇನ್ನು ಮೇಲೆ ಹಗಲೆಲ್ಲ ತೆರೆದಿರಲಿ ಎಂದರು, ಹೊಗೆ ಹೋಗುವುದಿಲ್ಲವಂತೆ. ಹಿಡಿಯುವುದನ್ನು ನಾನು ಕಲಿತೆ. ಎರಡು ಸಲ ಕಾಲು ತುಳಿಸಿಕೊಂಡೆ, ಒಂದು ಸಲ ಸೀರೆ ಹರಿಸಿಕೊಂಡೆ.

ಸುದ್ದಿ ಹಬ್ಬಿರಬೇಕು. ತಿಂಗಳ ಮೇಲೆ ಕೊಕಟನೂರಿನ ಕಡೆಯ ರೈತರೊಬ್ಬರು ಹೆಣ್ಣುಕುದುರೆ ಹಿಡಿದುಕೊಂಡು ಬಂದರು. ಹೊಸ್ತಿಲಲ್ಲಿ ನನ್ನನ್ನು ಕಂಡು, ರುಮಾಲು ಸರಿಮಾಡಿಕೊಂಡು, ಆಕಾಶ ನೋಡುತ್ತ ಕೇಳಿದರು: "ಮನ್ಯಾಗ ಗಂಡಸರ್ಯಾರೂ ಇಲ್ಲೇನ್ರಿ ತಂಗಿ?"

"ಅದಾನ್ರಿ, ಹಿತ್ತಲದಾಗ. ನೀವು ಬರ್ರಿ" ಎಂದುಬಿಟ್ಟೆ.

ಹೇಳಿದ ಮೇಲೆಯೇ ನನಗೆ ನನ್ನ ಮಾತು ಕೇಳಿಸಿದ್ದು. ಲಗಮಣ್ಣನಿಗೆ ದಾರಿ ತೋರಿಸಲು ಹೇಳಿ ಅಡುಗೆಮನೆಗೆ ಓಡಿ, ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಮುಖ ಮಾಡಿ ನಗತೊಡಗಿದೆ. ಮೈಯೆಲ್ಲ ಕುಲುಕುತ್ತಿತ್ತು. ಅತ್ತೆಯವರು ಬಂದು, ಅಳುತ್ತಿದ್ದಾಳೆಂದು ತಿಳಿದು, ಒಂದು ಲೋಟ ನೀರು ಪಕ್ಕದಲ್ಲಿಟ್ಟು ಬೆನ್ನು ಸವರಿದರು. ನಾನು ಅಳುತ್ತಿಲ್ಲ ಎಂದು ಹೇಳೋಣವೆಂದು ತಿರುಗಿದೆ. ಅಷ್ಟರಲ್ಲಿ ಅವರು ತಿಳಿದದ್ದೇ ನಿಜವಾಗಿತ್ತು.