ಬಾರದ ನೋವಿಗೆ ಗುಳಿಗೆ

ಮುಂಜಾಗ್ರತೆ ಎಂಬ ಪದವನ್ನು ಕನ್ನಡದಿಂದಲೇ ಗಡೀಪಾರು ಮಾಡಬೇಕು ಎನ್ನುವ ಪಕ್ಷವೊಂದಿದೆ. ಅದರ ಅಧ್ಯಕ್ಷೆ, ಕಾರ್ಯದರ್ಶಿ, ಏಕೈಕ ಸದಸ್ಯೆ ಎಲ್ಲವೂ ನಮ್ಮ ದೊಡ್ಡವ್ವ! ನಮ್ಮವ್ವನ ಅಕ್ಕ. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ವ್ಯಾಪಾರ.

ಒಮ್ಮೆ ಅಂಗಳದ ತುಂಬ ಮೆಣಸಿನಕಾಯಿ ಹರವಿದ್ದಾಗ ಮೋಡ ಕವಿಯಿತು. ಓಣಿಯ ಮಂದಿಯೆಲ್ಲ ತಾಡಪತ್ರಿ ಹಿಡಿದು ಓಡಾಡುತ್ತಿದ್ದರೆ ದೊಡ್ಡವ್ವ ಕಟ್ಟೆಯ ಮೇಲೆ ಕೂತೇ ಇದ್ದಳು. “ಒಂದ ಹನಿನೂ ಬಿದ್ದಿಲ್ಲ, ಯಾಕ ಓಡತೀರಿ?” ಆ ಮಳೆ ಬ್ಯಾಡಗಿ ಬಿಟ್ಟು ಕುಪ್ಪೇಲೂರಿನ ಕಡೆ ಹೋಗಿಬಿಡಬೇಕೇ? ಅಂದಿನಿಂದ ಅವಳ ವಾದಕ್ಕೆ ಮಳೆರಾಯನೇ ಸಾಕ್ಷಿ!

ಇಂಥವಳ ದವಡೆ ಹಲ್ಲು ಕೆಟ್ಟಿತು. ಹಾವೇರಿಯಿಂದ ನನ್ನನ್ನು ಕರೆಸಿಕೊಂಡಳು. ರಾಣೆಬೆನ್ನೂರಿನ ದಂತವೈದ್ಯೆಯ ಬಳಿ ಕರೆದೊಯ್ದೆ. ಆಕೆ ಹಲ್ಲಿನ ಎಕ್ಸ್‌ರೇ ತೆಗೆದು ನೋಡಿ, ರೂಟ್ ಕೆನಾಲ್ ಮಾಡಬೇಕೆಂದರು. ಹೊಟ್ಟೆ, ಕಿಡ್ನಿ, ಒಗ್ಗದ ಔಷಧಗಳ ವಿಚಾರವೆಲ್ಲ ಕೇಳಿಕೊಂಡು ಗುಳಿಗೆ ಬರೆದುಕೊಟ್ಟರು.

“ಅಮ್ಮಾರ, ನಾಳೆ ನಾಷ್ಟಾ ಮಾಡಿ, ಇಲ್ಲಿಗೆ ಬರೋ ಒಂದು ತಾಸು ಮೊದಲ ಇದನ್ನ ತಗೋರಿ. ಆಮ್ಯಾಲೆ ಬಾವು, ನೋವು ಕಮ್ಮಿ ಇರತೈತಿ.”

“ಇನ್ನೂ ಬಂದಿಲ್ಲದ ನೋವಿಗೆ ಗುಳಿಗಿ ಏನ್ರಿ? ಬಾರದ ಬೀಗರಿಗೆ ಯಾರರ ಹೋಳಿಗಿ ಮಾಡಿಡತಾರೇನು?”

“ಬರತಾರಂತ ಗೊತ್ತಾದ ಮ್ಯಾಲೆ ಬ್ಯಾಳಿ ಕುದಿಯಾಕ ಇಡಬೇಕಲ್ರಿ, ಅಮ್ಮಾರ?”

ದೊಡ್ಡವ್ವ ಗುಳಿಗೆ ಕೊಂಡು ಚೀಲಕ್ಕೆ ಹಾಕಿಕೊಂಡಳು. ಆದರೆ ಬಾಯಿ ಸೋತರೂ ಹಟ ಸೋಲಬೇಕಲ್ಲ!

ಮರುದಿನ ವೈದ್ಯೆ ಕೇಳಿದರು, “ಗುಳಿಗಿ ತಗೊಂಡ್ರೇನ್ರಿ?”

“ಚೀಲದಾಗ ಐತ್ರಿ.”

“ನೋಯೂದು ಹಲ್ಲು, ಚೀಲ ಅಲ್ರಿ!”

ಬಾಯಿ ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟು ಅವರು ಮೊದಲ ಸುತ್ತಿನ ಕೆಲಸ ಮುಗಿಸಿ, ಮತ್ತೊಮ್ಮೆ ಬರಹೇಳಿದರು. ಎಳ್ಳಷ್ಟೂ ನೋಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡವ್ವ ಸೊಟ್ಟಗಾದ ತುಟಿಯಲ್ಲೇ ತೊದಲುತ್ತ ವಿಜಯೋತ್ಸವ ಆಚರಿಸಿದಳು. “ನೋಳ್ಯಾ? ಎಳ್ಳೈತಿ ನೋವು?”

ಬಸ್ಸು ಮೋಟೆಬೆನ್ನೂರು ದಾಟುವಷ್ಟರಲ್ಲಿ ಜೋಮು ಇಳಿಯಿತು, ಬೀಗರು ಬಂದರು. ಅದೂ ಗಂಟುಮೂಟೆ ಸಮೇತ!

ಸಂಜೆಗೆ ಗಲ್ಲ ಬಾತು ಗುಮ್ಮಟವಾಯಿತು. “ಈಗರ ಗುಳಿಗಿ ತಗೋ ದೊಡ್ಡವ್ವ” ಎಂದರೆ, “ಈಗ ತಗೊಂಡ್ರ ಆ ಡಾಕ್ಟ್ರು ಗೆದ್ದಂಗ ಆಗತೈತಿ” ಎಂದಳು. ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡೇ ದೊಡ್ಡಪ್ಪನಿಗೆ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಬಡಿಸಿದಳು. ತನಗೆ ಮಾತ್ರ ಒಂದು ಬಟ್ಟಲು ಗಂಜಿ. ಅದೂ ಗಂಟಲಲ್ಲಿ ಇಳಿಯಲೊಲ್ಲದು.

ದೊಡ್ಡಪ್ಪ ಮಾತು ಕಡಿಮೆಯ ಮನುಷ್ಯ. ಹೆಂಡತಿಯ ಎದುರು ವಾದಿಸಿ ಗೆದ್ದ ದಾಖಲೆಯಂತೂ ಇಲ್ಲವೇ ಇಲ್ಲ. ರೊಟ್ಟಿ ಮುರಿದ, ಪಲ್ಯಕ್ಕೆ ತಾಗಿಸಿದ, ತಾಟಿನಲ್ಲೇ ಇಟ್ಟ.

“ಯಾಕ್ರೀ, ಉಪ್ಪು ಹೆಚ್ಚಾಗೈತೇನು?”

“ಇಲ್ಲ. ನನಗೂ ಯಾಕೋ ಹಲ್ಲು ನೋಯಾಕತ್ತಾವ. ನನಗೂ ಒಂದೀಟು ಗಂಜಿ ಹಾಕು.”

ನಾನು ನಕ್ಕುಬಿಟ್ಟೆ. ನಗದೆ ಏನು ಮಾಡಲಿ? ದೊಡ್ಡಪ್ಪನ ಬಾಯಿಯಲ್ಲಿರುವುದು ಮೇಲಿಂದ ಕೆಳಗಿನವರೆಗೆ ಕಟ್ಟಿಸಿದ ಹಲ್ಲಿನ ಸೆಟ್ಟು!

ದೊಡ್ಡವ್ವ ನಗಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಬಟ್ಟಲಿನ ಗಂಜಿಯನ್ನು ಕಷ್ಟಪಟ್ಟು ಕುಡಿದು, ಕೈ ಚಾಚಿ, “ತಾ ಗುಳಿಗಿ” ಎಂದಳು.

ಮುಂದಿನ ಸಲ ರಾಣೆಬೆನ್ನೂರಿಗೆ ಹೊರಟಾಗ ನಾನು ನೆನಪಿಸುವ ಮೊದಲೇ ಉಪ್ಪಿಟ್ಟು ತಿಂದು, ಗುಳಿಗೆ ನುಂಗಿ ತಯಾರಾಗಿದ್ದಳು. ಕುರ್ಚಿಯ ಮೇಲೆ ಒರಗುತ್ತಿದ್ದಂತೆ ವೈದ್ಯೆ ಬೇಕೆಂದೇ ಕೆಣಕಿದರು.

“ಇನ್ನೂ ಬಂದಿಲ್ಲದ ನೋವಿಗೆ ಗುಳಿಗಿ ತಗೊಂಡ್ರೇನ್ರಿ, ಅಮ್ಮಾರ?”

ದೊಡ್ಡವ್ವ ಸೆಟೆದು ಕೂತಳು.

“ನಾ ಸೋತೇನಂತ ತಿಳ್ಕೋಬ್ಯಾಡ್ರಿ. ನನಗ ನೋವು ಬಂದ್ರ ನಾ ತಡಕೋತೇನಿ. ಮನ್ಯಾಗ ನಮ್ಮ ಯಜಮಾನರಿಗೆ ಬರತೈತಿ. ಅದಕ್ಕ ಮೊದಲ ನುಂಗಿ ಬಂದೇನಿ.”